ಆಂಟೆನಾ ಹೆಚ್ಚಿದರೆ ಗದ್ದಲ ತಗ್ಗುವುದೆಂತು?

ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ಗೋದಾಮಿಗೆ ದಾಸ್ತಾನು ಪರಿಶೀಲನೆಗಾಗಿ ಹೋಗಿದ್ದೆ. ಬಾರ್‌ಕೋಡ್ ಯಂತ್ರಗಳು ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತಿದ್ದವು. ಲೆಕ್ಕದ ದಾಸ್ತಾನಿಗೂ ಕಣ್ಣೆದುರಿನ ದಾಸ್ತಾನಿಗೂ ತಾಳೆಯಾಗುತ್ತಿರಲಿಲ್ಲ. ಸರಬರಾಜುದಾರರ ಸಲಹೆಯಂತೆ ವೈ-ಫೈ ಪೆಟ್ಟಿಗೆಗಳನ್ನು ನಾಲ್ಕರಿಂದ ಒಂಬತ್ತಕ್ಕೆ ಏರಿಸಿದ ಮೇಲೆ ತೊಂದರೆ ಇನ್ನಷ್ಟು ಹೆಚ್ಚಿತು. ಎಲ್ಲವೂ ಒಂದೇ ಚಾನೆಲ್‌ನಲ್ಲಿದ್ದುದೇ ಕಾರಣವೆಂದು ತಿಳಿಯುವ ಹೊತ್ತಿಗೆ ಬಿಲ್ಲಿನ ಹಣ ಪಾವತಿಯಾಗಿತ್ತು.

ಪೆಟ್ಟಿಗೆಗಳು ಹೆಚ್ಚಿದಾಗ ಗದ್ದಲ ಹೆಚ್ಚುವುದಾದರೆ, ಒಂದೇ ಪೆಟ್ಟಿಗೆಯೊಳಗೆ ಆಂಟೆನಾಗಳು ಹೆಚ್ಚಿದಾಗ ಅದು ತಗ್ಗುವುದೇಕೆ? ಮೊದಲನೆಯದರಲ್ಲಿ ಪ್ರತಿಯೊಂದೂ ತನ್ನಿಚ್ಛೆಯಂತೆ ಮಾತನಾಡುತ್ತದೆ. ಎರಡನೆಯದರಲ್ಲಿ ಎಲ್ಲವೂ ಒಂದೇ ಲೆಕ್ಕಾಚಾರಕ್ಕೆ ಒಳಪಟ್ಟಿರುತ್ತವೆ. ಆಂಟೆನಾಗಳ ಅಲೆಗಳನ್ನು ಹೊಂದಿಸಿ ಕಳುಹಿಸಿದಾಗ ಅವು ಬೇಕಾದ ಗ್ರಾಹಕನ ಬಳಿ ಪರಸ್ಪರ ಕೂಡಿಕೊಳ್ಳುತ್ತವೆ. ನೆರೆಯ ಗ್ರಾಹಕನ ಬಳಿ, ಜಮೆ-ಖರ್ಚು ವಜಾ ಆಗುವಂತೆ, ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಇದರಿಂದ ಅದೇ ತರಂಗಾಂತರದಲ್ಲಿ, ಅದೇ ಕ್ಷಣದಲ್ಲಿ ಹಲವರಿಗೆ ಸೇವೆ ಸಾಧ್ಯ.

ಈ ತಂತ್ರಜ್ಞಾನದ ಆದ್ಯರಲ್ಲೊಬ್ಬರು ಭಾರತೀಯ ನೌಕಾಪಡೆಯಲ್ಲಿದ್ದು, ಬಳಿಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ ಆರೋಗ್ಯಸ್ವಾಮಿ ಪಾಲ್‌ರಾಜ್. ಇವರಿಗೆ 2014ರಲ್ಲಿ ಮಾರ್ಕೋನಿ ಪ್ರಶಸ್ತಿ ಸಂದಿತು. ಗೋಪುರವೊಂದಕ್ಕೆ ಬಹುಸಂಖ್ಯೆಯ ಆಂಟೆನಾಗಳನ್ನು ಅಳವಡಿಸುವ ಚಿಂತನೆಯನ್ನು ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟ್ಟಾ 2010ರಲ್ಲಿ ಮಂಡಿಸಿದರು. ಇಂದು 5ಜಿ ಗೋಪುರಗಳಲ್ಲಿ 64 ಪ್ರಸರಣ ಘಟಕಗಳ ಫಲಕಗಳು ಬಳಕೆಯಲ್ಲಿವೆ.

ಇದರ ಆರ್ಥಿಕ ಮಹತ್ವ ಸ್ಪಷ್ಟ. 2022ರ ಹರಾಜಿನಲ್ಲಿ ನಮ್ಮ ದೂರಸಂಪರ್ಕ ಸಂಸ್ಥೆಗಳು ತರಂಗಾಂತರಕ್ಕಾಗಿ ಸುಮಾರು 1.5 ಲಕ್ಷ ಕೋಟಿ ರೂಪಾಯಿಗಳ ಬಿಡ್ ಸಲ್ಲಿಸಿದವು. ಇಷ್ಟು ದುಬಾರಿಯಾದ ಆಸ್ತಿಯನ್ನು ಒಮ್ಮೆಗೇ ಹಲವು ಬಾರಿ ದುಡಿಸಿಕೊಳ್ಳುವ ಉಪಾಯವಿದು.

ಮಿತಿಯೂ ಉಂಟು. ಗ್ರಾಹಕನಿಗೂ ಗೋಪುರಕ್ಕೂ ನಡುವಣ ಮಾರ್ಗವನ್ನು ಅಳೆಯಲು ಮೊಬೈಲು ಒಂದು ಗುರುತಿನ ಸಂಕೇತವನ್ನು ಕಳುಹಿಸಬೇಕು. ಇಂತಹ ಸಂಕೇತಗಳ ಸಂಖ್ಯೆ ಸೀಮಿತ. ನೆರೆಯ ಗೋಪುರದ ವ್ಯಾಪ್ತಿಯಲ್ಲಿ ಅದೇ ಸಂಕೇತ ಮರುಬಳಕೆಯಾದರೆ ಅಳತೆ ತಪ್ಪಿ, ಅಡಚಣೆ ಮರುಕಳಿಸುತ್ತದೆ. ಆದುದರಿಂದ ಸಂಕೇತಗಳ ಹಂಚಿಕೆಯೂ ಆಂಟೆನಾಗಳಷ್ಟೇ ಮುಖ್ಯ.

ಸದಸ್ಯ ಬಾಂಧವರಲ್ಲಿ ನನ್ನ ಅರಿಕೆ ಇಷ್ಟೇ. ವೈ-ಫೈ ಉಪಕರಣ ಕೊಳ್ಳುವ ಮುನ್ನ ಸ್ಥಳ ಪರಿಶೀಲನೆಯ ಲಿಖಿತ ವರದಿ ಕೇಳಿರಿ. 2.4 ಗಿಗಾಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ 1, 6, 11 ಈ ಮೂರು ಚಾನೆಲ್‌ಗಳು ಮಾತ್ರ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದವು ಎಂಬುದನ್ನು ನೆನಪಿಡಿ. ಕೊನೆಯ ಕಂತನ್ನು, ಕೆಲಸ ನಡೆಯುವ ವೇಳೆಯಲ್ಲಿಯೇ ಅಳೆದ ವೇಗಕ್ಕೆ ಷರತ್ತುಬದ್ಧಗೊಳಿಸಿರಿ. ನನ್ನ ಕಕ್ಷಿದಾರರು ಬಳಿಕ ಐದು ಪೆಟ್ಟಿಗೆಗಳನ್ನು ತೆಗೆಸಿ, ಉಳಿದವುಗಳ ಚಾನೆಲ್ ಬದಲಿಸಿದರು. ಮರುವರ್ಷ ದಾಸ್ತಾನು ತಾಳೆಯಾಯಿತು.