ಅಜ್ಜನ ಕೋಣೆಯ ಗುಂಯ್

ನಮ್ಮ ರೂಮ್‌ಮೇಟ್‌ನ ಅಜ್ಜನ ಮನೆ ಭದ್ರಾವತಿಯಲ್ಲಿ. ಅಜ್ಜನಿಗೆ ಬೆಳಗ್ಗೆ ಕಾಫಿ ಜೊತೆ ಆಕಾಶವಾಣಿ ಭದ್ರಾವತಿ ಬೇಕೇ ಬೇಕು. ನಿಲಯ ಶುರುವಾಗಿದ್ದು 1965ರಲ್ಲಿ, ಅಜ್ಜ ಆಗ ಹೈಸ್ಕೂಲ್ ಹುಡುಗ. ಹೋದ ವರ್ಷ ಮಗ ಪ್ರೀತಿಯಿಂದ ಒಂದು ಜೊತೆ ದೊಡ್ಡ ಸ್ಪೀಕರ್ ತಂದುಕೊಟ್ಟ. ಅಲ್ಲಿಂದ ಅಜ್ಜ ರೇಡಿಯೋ ಹಾಕೋದೇ ಬಿಟ್ಟರು. "ಎಂತದೂ ತಿಳಿಯಲ್ಲ ಮಾರಾಯ, ಬರೀ ಗುಂಯ್ ಅಂತದೆ. ನಂದೇ ಕಿವಿ ಹೋಯ್ತು ಕಾಣ್ತದೆ."

ಶಿವಮೊಗ್ಗದಿಂದ ಬಸ್ ಹತ್ತಿ ಹೋಗಿ ನಾವು ಮೂವರು ನೋಡಿದೆವು. ಕೋಣೆ 10 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಸ್ಪೀಕರ್‌ಗಳು ಎರಡು ಮೂಲೆಗೆ ಒತ್ತಿಕೊಂಡು ನೆಲದ ಮೇಲಿದ್ದವು, ಅಜ್ಜನ ಕುರ್ಚಿ ಎದುರಿನ ಗೋಡೆಗೆ ತಾಗಿತ್ತು. ಇದಕ್ಕಿಂತ ಕೆಟ್ಟ ಜೋಡಣೆ ಬೇಕೂಂದ್ರೂ ಸಿಗಲ್ಲ!

ಯಾಕೆ ಅಂದ್ರೆ, ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಓಡುತ್ತೆ. 10 ಅಡಿ ಅಂದ್ರೆ 3.05 ಮೀಟರ್. ಅರ್ಧ ತರಂಗ ಎರಡು ಗೋಡೆಗಳ ನಡುವೆ ಸರಿಯಾಗಿ ಕೂರೋದು 56 ಹರ್ಟ್ಸ್‌ನಲ್ಲಿ, ಪೂರ್ತಿ ತರಂಗ 113ರಲ್ಲಿ. ಆ ಸ್ವರಗಳು ಬೇಗ ಆರದೆ ಗುಂಯ್‌ಗುಡುತ್ತವೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ್ರೆ ಮೂರು ಕಡೆಯದೂ ಒಂದೇ ಜಾಗದಲ್ಲಿ ರಾಶಿ ಬೀಳುತ್ತೆ. ವಾರ್ತೆ ಓದುವ ಗಂಡಸಿನ ದನಿಯ ತಳವೂ ಅದೇ 100 ಹರ್ಟ್ಸ್ ಆಸುಪಾಸು. ಆದರೆ ಮಾತು ತಿಳಿಯೋದು ಸ, ಶ, ತ, ಕಗಳ ಮೇಲಿನ ಚೂಪು ಸದ್ದಿನಿಂದ. ಅದು ಗುಂಯ್ ಕೆಳಗೆ ಮುಚ್ಚಿಹೋಗಿತ್ತು. ಮೂಲೆ ಬೇಸನ್ನು ಇನ್ನೂ ಉಬ್ಬಿಸುತ್ತೆ, ಗೋಡೆ ಪಕ್ಕದ ಕುರ್ಚಿಗೆ ಅದೇ ಅತಿ ಜೋರು. ಹಾಗಂತ ನಟ್ಟನಡುವೆ ಕೂತ್ರೆ 56 ಮಾಯ!

ಸ್ಪೀಕರ್‌ಗಳನ್ನು ಮೂಲೆಯಿಂದ ಎರಡಡಿ ಈಚೆ ಎಳೆದು, ಸ್ಟೂಲ್ ಮೇಲಿಟ್ಟು, ಚಿಕ್ಕ ಟ್ವೀಟರ್ ಅಜ್ಜನ ಕಿವಿಯ ಮಟ್ಟಕ್ಕೆ ತಂದೆವು. ಕುರ್ಚಿಯನ್ನು ಗೋಡೆಯಿಂದ ಮೂರಡಿ ಮುಂದೆ ಹಾಕಿದೆವು. ಆಮೇಲೆ ಚಪ್ಪಾಳೆ ತಟ್ಟಿದರೆ ಟರ್‌ರ್ ಅಂತ ಪ್ರತಿಧ್ವನಿ (ನಿಮ್ಮ ಖಾಲಿ ಕೋಣೆಯಲ್ಲೂ ಒಂದ್ಸಲ ತಟ್ಟಿ ನೋಡಿ). ಅಜ್ಜ ಕುರ್ಚಿಯಲ್ಲಿ ಕೂತರು, ಒಬ್ಬ ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸಿದ. ಸ್ಪೀಕರ್ ಎಲ್ಲಿ ಕಾಣಿಸಿತೋ ಅಲ್ಲಿಂದಲೇ ಮೊದಲ ಪ್ರತಿಫಲನ. ಒಂದು ಕಡೆ ಹತ್ತಿ ಹಾಸಿಗೆ ನಿಲ್ಲಿಸಿದೆವು, ಇನ್ನೊಂದು ಕಡೆ ಪುಸ್ತಕದ ಕಪಾಟು. ಹಾಸಿಗೆ 56 ಹರ್ಟ್ಸನ್ನು ಹೀರಲ್ಲ, ಅದಕ್ಕೆ ಅಡಿಗಟ್ಟಲೆ ದಪ್ಪ ಬೇಕು. ಚಪ್ಪಾಳೆಯ ಟರ್‌ರ್ ಮಾತ್ರ ಸತ್ತಿತು. ಖರ್ಚು ಬಸ್ ಚಾರ್ಜು ಅಷ್ಟೇ.

ರೇಡಿಯೋ ಹಾಕಿದೆವು. ಅಜ್ಜ ಪ್ರದೇಶ ಸಮಾಚಾರ ಪೂರ್ತಿ ಕೇಳಿ, ಅದರಲ್ಲಿ ಬಂದ ಊರಿನ ಹೆಸರುಗಳನ್ನೆಲ್ಲ ತಿರುಗಿ ಹೇಳಿದರು. ಆದ್ರೂ ಕಿವಿ ಪರೀಕ್ಷೆ ಒಂದು ಮಾಡಿಸಿ ಅಜ್ಜ ಅಂದ್ವಿ. "ನೋಡಾಣ" ಅಂದ್ರು. ಅಜ್ಜಿ ಹಾಸಿಗೆ ವಾಪಸ್ ಕೇಳ್ತಿದ್ದಾರೆ.