ಮೊಸರನ್ನ ತಪ್ಪಿಸಿದ ಆ ಎರಡು ದಿನ

ನನ್ನ ತಮ್ಮ ಪುಟ್ಟನಿಗೆ ಒಂಬತ್ತು ವರ್ಷ. ಅವನಿಗೆ ಆಟಿಸಂ ಇದೆ. ಜೊತೆಗೆ ಆರು ತಿಂಗಳ ಕೂಸಾಗಿದ್ದಾಗಿನಿಂದಲೂ ಚರ್ಮದ ಅಲರ್ಜಿ. ನಮ್ಮಜ್ಜಿ ಇಸುಬು ಎನ್ನುತ್ತಾರಲ್ಲ, ಅದೇ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ ಸದಾ ಕೆಂಪು. ಮಾತು ಬಾರದ ಅವನು ‘ತುರಿಸ್ತಿದೆ’ ಎಂದು ಹೇಳಲಾರ. ರಾತ್ರಿ ಎರಡಕ್ಕೆ ಎದ್ದು ಕಿರುಚುತ್ತಾನೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ. ಅದನ್ನೂ ನಾವು ಆಟಿಸಂ ಖಾತೆಗೇ ಬರೆದುಬಿಟ್ಟಿದ್ದೆವು.

ಕಳೆದ ವರ್ಷ ಅಮ್ಮನ ವಾಟ್ಸ್‌ಆ್ಯಪ್‌ಗೆ ಒಂದು ಸಂದೇಶ ಬಂತು. ಕರುಳಿನ ಬ್ಯಾಕ್ಟೀರಿಯಾ ಸರಿಹೋದರೆ ಆಟಿಸಂ, ಅಲರ್ಜಿ ಎರಡೂ ಮಾಯವಂತೆ. ‘ತಜ್ಞ’ರೊಬ್ಬರು ಫೋನಿನಲ್ಲೇ ಪಥ್ಯ ಹೇಳಿದರು. ಹಾಲು, ಮೊಸರು, ಗೋಧಿ ಬಂದ್. ದಿನಾ ಎರಡು ಚಮಚ ಪ್ರೊಬಯಾಟಿಕ್ ಪುಡಿ. ಡಬ್ಬಿಗೆ ಎರಡೂವರೆ ಸಾವಿರ. ನಮ್ಮ ಪುಟ್ಟ ತಿನ್ನುವುದೇ ಬಿಳಿ ಪದಾರ್ಥ: ಚಟ್ನಿ ಸೋಕದ ಇಡ್ಲಿ, ಮೊಸರನ್ನ. ಮೊಸರು ನಿಲ್ಲಿಸಿದ ಮೇಲೆ ಎರಡು ದಿನ ತಟ್ಟೆಯನ್ನೇ ಮುಟ್ಟಲಿಲ್ಲ. ಅಮ್ಮನೂ ಸರಿಯಾಗಿ ಉಣ್ಣಲಿಲ್ಲ.

ನಾನು ಬಿ.ಎಸ್ಸಿಯಲ್ಲಿ ಮೈಕ್ರೊಬಯಾಲಜಿ ಓದುವವಳು. ಹಾಸ್ಟೆಲ್‌ನಿಂದ ಫೋನ್ ಮಾಡಿ ಬೈದರೆ ಅಮ್ಮ ಕೇಳುವುದಿಲ್ಲ. ಹಾಗಾಗಿ ಮೂಲ ಅಧ್ಯಯನಗಳನ್ನೇ ಹುಡುಕಿ ಓದಿದೆ. ಸಂದೇಶ ಪೂರ್ತಿ ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಟಿಸಂ ಇರುವ 18 ಮಕ್ಕಳಿಗೆ ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾ ಕೊಟ್ಟಿದ್ದರು. ಹೊಟ್ಟೆಯ ತೊಂದರೆ ಸುಮಾರು ಶೇ 80ರಷ್ಟು ಇಳಿಯಿತು, ನಡವಳಿಕೆಯೂ ಸುಧಾರಿಸಿತು. ಆದರೆ ಹೋಲಿಸಿ ನೋಡಲು ಔಷಧವಿಲ್ಲದ ಪುಡಿ ಕುಡಿದ ಮಕ್ಕಳ ಗುಂಪು ಇರಲಿಲ್ಲ. ಚಿಕಿತ್ಸೆ ನಡೆಯುತ್ತಿದೆ ಎಂದು ಹೆತ್ತವರಿಗೆ ಗೊತ್ತು. ಮಗು ಸುಧಾರಿಸಲಿ ಎಂದು ಕಾಯುವ ತಾಯಿ ಪ್ರಶ್ನಾವಳಿ ತುಂಬುವಾಗ ಕೈ ಸ್ವಲ್ಪ ಧಾರಾಳವಾಗುವುದಿಲ್ಲವೇ?

ಕಣ್ಣು ತೆರೆಸಿದ್ದು 2021ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನ. 247 ಮಕ್ಕಳ ಮಲದ ಮಾದರಿ ನೋಡಿದ್ದರು, ಅವರಲ್ಲಿ 99 ಮಕ್ಕಳಿಗೆ ಆಟಿಸಂ ಇತ್ತು. ಬ್ಯಾಕ್ಟೀರಿಯಾಕ್ಕೂ ಆಟಿಸಂಗೂ ನೇರ ನಂಟು ಇಲ್ಲವೆನ್ನುವಷ್ಟು ಕಡಿಮೆ. ಈ ಮಕ್ಕಳು ಕೆಲವೇ ಬಗೆಯ ಆಹಾರ ತಿನ್ನುತ್ತಾರೆ, ಹಾಗಾಗಿ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳೂ ಕಡಿಮೆ ಎಂಬುದು ಅವರ ವಿವರಣೆ. ಕಾರಣ ಎಂದು ನಾವು ನಂಬಿದ್ದು ಪರಿಣಾಮವಾಗಿರಬಹುದು! ಪುಟ್ಟನ ಬಿಳಿ ತಟ್ಟೆ ಕಣ್ಣೆದುರು ಬಂತು. ಇದ್ದ ಎರಡರಲ್ಲಿ ಒಂದನ್ನು ನಾವೇ ಕಿತ್ತುಕೊಂಡಿದ್ದೆವು.

ಇನ್ನು ಇಸುಬಿನ ವಿಷಯ. ಪ್ರೊಬಯಾಟಿಕ್ ಕೊಟ್ಟು ನೋಡಿದ 39 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟಿಗೆ ಪರಿಶೀಲಿಸಿತ್ತು. ತುರಿಕೆ, ನಿದ್ದೆಯಂಥ ತೊಂದರೆಗಳಲ್ಲಿ ಹೆಚ್ಚೇನೂ ವ್ಯತ್ಯಾಸವಾಗದು ಎಂದಿತು.

ಅಮ್ಮನಿಗೆ ಇದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿದೆ. ಮೊಸರು ವಾಪಸ್ ಬಂತು. ಚರ್ಮದ ಡಾಕ್ಟರು ಪುಟ್ಟನ ಉಗುರು ನೋಡಿ ಮೊದಲು ಕೇಳಿದ್ದು, ‘ರಾತ್ರಿ ಮಲಗ್ತಾನಾ?’ ಸ್ನಾನವಾದ ಕೂಡಲೇ ಒದ್ದೆ ಮೈಗೆ ಕ್ರೀಮು, ಕೆಂಪಾದ ಕಡೆ ಅವರು ಹೇಳಿದಷ್ಟು ದಿನ ಮುಲಾಮು, ಹತ್ತಿ ಬಟ್ಟೆ. ಮೂರು ವಾರದಲ್ಲಿ ರಾತ್ರಿಯ ಕಿರುಚಾಟ ತುಂಬಾ ಕಡಿಮೆಯಾಯಿತು. ಆಟಿಸಂ ಎಲ್ಲಿಗೂ ಹೋಗಿಲ್ಲ, ಮಾತೂ ಬಂದಿಲ್ಲ. ಆದರೆ ಈಗ ತುರಿಸಿದರೆ ಮುಲಾಮಿನ ಟ್ಯೂಬ್ ತಂದು ಅಮ್ಮನ ಕೈಗಿಡುತ್ತಾನೆ.