ಯಾರ ಮಗ, ಯಾವೂರು?

ಸುಗ್ಗಿ ಮುಗಿದು ಜೋಳ ಮನೆ ಸೇರಿದ ಮೇಲೆ ಎತ್ತಿನ ಮೇಲೆ ಹೆಳವರು ಬರುವುದು ಉತ್ತರ ಕರ್ನಾಟಕದ ಹಳೆಯ ಪದ್ಧತಿ. ಒಕ್ಕಲು ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹೇಳಿ ಕಾಳು ಪಡೆಯುತ್ತಾರೆ. ಮಲ್ಲಟ, ಮಾನ್ವಿ, ದೇವದುರ್ಗದ ಕಡೆಯವರಿಗೆ ಮತ್ತಾಯನ ಸುವಾರ್ತೆಯ ಮೊದಲ ಪುಟ ಬೇಸರ ತರಬೇಕಿಲ್ಲ. ಯೇಸುವಿನ ವಂಶಾವಳಿ ಹೇಳುವ ಅದೂ ಇಂಥದ್ದೇ ಕೆಲಸ. ಆದರೂ ಕ್ರಿಸ್ಮಸ್ ಹತ್ತಿರವಾದಾಗ ಚರ್ಚಿನಲ್ಲಿ ಆ ಪಟ್ಟಿ ಓದಿದರೆ ಅರ್ಧ ಜನ ಆಕಳಿಸುತ್ತಾರೆ.

ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ಅಲ್ಲಿಂದ ಬಾಬೆಲಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14 ಎಂದು ಮತ್ತಾಯ ಲೆಕ್ಕ ಒಪ್ಪಿಸುತ್ತಾನೆ. ಈ ಲೆಕ್ಕ ಕೂಡಿಸಲು ಯೋರಾಮನ ನಂತರದ ಮೂವರು ಅರಸರನ್ನು ಬಿಟ್ಟೇಬಿಟ್ಟಿದ್ದಾನೆ. ನಮ್ಮ ಹೆಳವ ಹಾಗೆ ಮೂರು ಹೆಸರು ನುಂಗಿದ್ದರೆ ಕಟ್ಟೆಯ ಮೇಲಿನ ಹಿರಿಯರು ಸುಮ್ಮನಿರುತ್ತಿದ್ದರೇ?

ಬಿಟ್ಟದ್ದಕ್ಕಿಂತ ಸೇರಿಸಿದ್ದು ಕುತೂಹಲದ್ದು. ಗಂಡಸರ ಹೆಸರೇ ಸಾಲುವ ಕಡೆ ಅವನು ಹೆಂಗಸರನ್ನು ತಂದ. ಸಾರಾ, ರೆಬೆಕ್ಕಳಂಥ ಪೂಜ್ಯ ತಾಯಂದಿರಿಗೆ ಅಲ್ಲಿ ಜಾಗವಿಲ್ಲ. ಮುಸುಕು ಹಾಕಿಕೊಂಡು ಮಾವನಿಂದಲೇ ಬಸುರಾದ ತಾಮಾರ ಇದ್ದಾಳೆ. ಯೆರಿಕೋವಿನ ಸೂಳೆ ರಹಾಬ ಇದ್ದಾಳೆ. ದಾವೀದ ಯಾರ ಹೆಂಡತಿಯನ್ನು ಕಸಿದುಕೊಂಡನೋ ಆಕೆಯನ್ನು ‘ಊರೀಯನ ಹೆಂಡತಿ’ ಎಂದೇ ಕರೆದು ಅರಸನ ಪಾಪಕ್ಕೆ ಅಲ್ಲೊಂದು ಕಲ್ಲು ನೆಟ್ಟಿದ್ದಾನೆ. ಇನ್ನು ರೂತಳು ಮೋವಾಬಿನವಳು. ಮೋವಾಬ್ಯರನ್ನು ಹತ್ತನೆಯ ತಲೆಮಾರಾದರೂ ಸಭೆಗೆ ಸೇರಿಸಕೂಡದು ಎನ್ನುತ್ತದೆ ಧರ್ಮೋಪದೇಶಕಾಂಡ. ಹತ್ತು ತಲೆಮಾರು ದೂರದ ಮಾತಾಯಿತು. ರೂತಳ ಮಗ ಓಬೇದ, ಓಬೇದನ ಮಗ ಇಷಯ, ಇಷಯನ ಮಗನೇ ದಾವೀದ. ಮನೆತನದ ಹೆಸರು ಹೇಳುವಾಗ ನಾವು ಮೆಲ್ಲಗೆ ದಾಟಿಸುವವರನ್ನು ಮತ್ತಾಯ ನಿಲ್ಲಿಸಿ ತೋರಿಸುತ್ತಾನೆ. ಮುಚ್ಚಿಡಬೇಕಾದ ಅಜ್ಜಿಯರು ಈ ಮನೆಯಲ್ಲಿ ಇಲ್ಲ.

ಲೂಕನ ಪಟ್ಟಿ ತಿರುವುಮುರುವು: ಯೇಸುವಿನಿಂದ ಹಿಂದಕ್ಕೆ ಹೋಗಿ ಆದಾಮನನ್ನು ಮುಟ್ಟುತ್ತದೆ. ಅಲ್ಲಿಗೆ ಎಲ್ಲರೂ ಅಣ್ಣತಮ್ಮಂದಿರೇ.

ಯಾರ ಮಗ, ಯಾವೂರು ಎಂದು ಕೇಳುವ ಇನ್ನೊಂದು ಜಾಗ ನ್ಯಾಯಾಲಯ, ಈಗ ಅಲ್ಲಿಗೆ ಬರೋಣ. ಮೊದಲ ಕ್ರೈಸ್ತರ ವಿಚಾರಣೆ ಎಂದರೆ ಸಿಂಹಗಳೇ ನೆನಪಾಗುತ್ತವೆ, ಆದರೆ ಹೆಚ್ಚಿನ ಪಾಲು ಅದು ಕಚೇರಿಯ ವ್ಯವಹಾರ. ಸುಮಾರು 112ರಲ್ಲಿ ಬಿಥುನ್ಯ ಪ್ರಾಂತ್ಯದ ಅಧಿಕಾರಿ ಪ್ಲಿನಿ ರೋಮನ್ ಚಕ್ರವರ್ತಿ ಟ್ರಾಜನ್‌ಗೆ ಬರೆದ ಓಲೆಯಲ್ಲಿ ಕ್ರಮ ಸ್ಪಷ್ಟವಾಗಿದೆ: ಕ್ರೈಸ್ತನೇ ಎಂದು ಮೂರು ಸಲ ಕೇಳುವುದು, ಅಲ್ಲ ಎಂದವರಿಂದ ಚಕ್ರವರ್ತಿಯ ವಿಗ್ರಹಕ್ಕೆ ಧೂಪ, ದ್ರಾಕ್ಷಾರಸ ಹಾಕಿಸುವುದು. ಹೆಸರಿಲ್ಲದ ದೂರನ್ನು ತೆಗೆದುಕೊಳ್ಳಬೇಡ ಎಂದು ಟ್ರಾಜನ್ ಉತ್ತರಿಸಿದ. ಅದರ ಮಟ್ಟಿಗೆ ಅವನು ನ್ಯಾಯವಂತನೇ.

177ರಲ್ಲಿ, ಇಂದಿನ ಫ್ರಾನ್ಸಿನ ಲಿಯೋನ್ ಊರಿನಲ್ಲಿ, ಸಾಂಕ್ಟಸ್ ಎಂಬ ಸಭಾಸೇವಕನನ್ನು ಹಿಂಸಿಸುತ್ತ ಕೇಳಿದ್ದು ಹೆಳವರ ಪ್ರಶ್ನೆಗಳನ್ನೇ: ಹೆಸರೇನು, ಯಾವ ಕುಲ, ಯಾವೂರು, ದಾಸನೋ ಸ್ವತಂತ್ರನೋ? ಎಲ್ಲಕ್ಕೂ ಅವನದು ಒಂದೇ ಉತ್ತರ, ತಾನು ಕ್ರೈಸ್ತ ಎಂದು. ಅವನ ಜೊತೆ ಸತ್ತವರಲ್ಲಿ ಬ್ಲಾಂಡಿನಾ ಎಂಬ ದಾಸಿ ಇದ್ದಳು. ಕುಲ ಹೇಳಿಕೊಳ್ಳುವ ಯೋಗವೇ ಇಲ್ಲದವಳ ಹೆಸರು ಆಕೆಯ ಒಡತಿಯ ಹೆಸರಿಗಿಂತ ಹೆಚ್ಚು ಬಾಳಿತು. ಒಡತಿಯ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇದು ದೂರದ ಕಥೆ ಎನಿಸಿದರೆ ತಹಸೀಲ್ ಕಚೇರಿಯ ಕಿಟಕಿಯ ಮುಂದೆ ನಿಂತು ನೋಡಬೇಕು. ರಾಯಚೂರು ಜಿಲ್ಲೆಗೆ ಕ್ರೈಸ್ತಧರ್ಮ ಹೊಸದಲ್ಲ, ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದ ಸಭೆಯಿದೆ. ದಲಿತ ಕೇರಿಗಳಿಂದ ಚರ್ಚಿಗೆ ಬಂದವರಿಗೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ಇಲ್ಲ. ಮಗಳ ಕಾಲೇಜು ಸೀಟಿನ ಅರ್ಜಿಯಲ್ಲಿ ಧರ್ಮದ ಕಲಂ ತುಂಬುವಾಗ ಅಪ್ಪನ ಕೈ ತಡೆದರೆ ಅವನನ್ನು ಅಪನಂಬಿಗಸ್ತ ಎಂದು ಜರೆಯುವುದು ನನಗೆ ಒಪ್ಪಿಗೆಯಿಲ್ಲ. ಊರು ಅವನ ಕುಲವನ್ನು ಮರೆಯುವುದಿಲ್ಲ, ಕಾಗದ ಮಾತ್ರ ಮರೆಯುತ್ತದೆ.

ಇಂಥ ಇಕ್ಕಟ್ಟು ಆ ಕಾಲಕ್ಕೂ ಇತ್ತು. 250ರಲ್ಲಿ ಚಕ್ರವರ್ತಿ ಡೆಸಿಯಸ್ ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಈಜಿಪ್ಟಿನ ಮರಳಿನಲ್ಲಿ ಅಂಥ ಹಲವು ಪತ್ರಗಳು ಸಿಕ್ಕಿವೆ. ಒಂದರಲ್ಲಿ ಡಿಯೋಗೆನೆಸ್ ಎಂಬವನ ಹೆಸರು, ತಂದೆಯ ಹೆಸರು, ಊರು, ವಯಸ್ಸು 72, ಬಲಹುಬ್ಬಿನ ಮೇಲೊಂದು ಗಾಯದ ಗುರುತು. ಬಲಿ ಕೊಡದೆಯೇ ಲಂಚ ಕೊಟ್ಟು ಪತ್ರ ಮಾಡಿಸಿಕೊಂಡ ಕ್ರೈಸ್ತರೂ ಕಡಿಮೆಯಿರಲಿಲ್ಲ. ಕಾಟ ತಗ್ಗಿದ ಮೇಲೆ ಅವರೆಲ್ಲ ಸಭೆಯ ಬಾಗಿಲಿಗೆ ಬಂದರು. ಸೇರಿಸಬೇಕೇ ಬೇಡವೇ ಎಂದು ದೊಡ್ಡ ಜಗಳವಾಗಿ, ಒಬ್ಬೊಬ್ಬರ ಪರಿಸ್ಥಿತಿ ವಿಚಾರಿಸಿ ಪ್ರಾಯಶ್ಚಿತ್ತದ ನಂತರ ಸೇರಿಸಿಕೊಳ್ಳಬಹುದೆಂದು 251ರಲ್ಲಿ ಕಾರ್ತೇಜಿನಲ್ಲಿ ಕೂಡಿದ ಬಿಷಪ್ಪರು ತೀರ್ಮಾನಿಸಿದರು. ಮುಂದೆ ನಿಂತವನು ಅಲ್ಲಿನ ಬಿಷಪ್ ಸಿಪ್ರಿಯಾನ್. ಡೆಸಿಯಸ್‌ನ ಕಾಟದಲ್ಲಿ ಅವನೂ ಊರು ಬಿಟ್ಟು ಅಡಗಿದ್ದವನೇ, ಅದಕ್ಕಾಗಿ ಮಾತೂ ಕೇಳಿದ್ದವನು. 258ರ ಸೆಪ್ಟೆಂಬರ್ 14ರಂದು ಅಧಿಕಾರಿಯ ಮುಂದೆ ನಿಲ್ಲಿಸಿ ಸಿಪ್ರಿಯಾನ್ ನೀನೇನಾ ಎಂದು ಕೇಳಿದಾಗ ಹೌದು ಎಂದ. ಅಂದೇ ಅವನ ತಲೆ ಕಡಿದರು.